ಪಂಪ್‌ಸೆಟ್ಟಿನ ವೋಲ್ಟ್, ಆಂಪಿಯರ್ ಮತ್ತು ರೋಧ: ರೈತರು ತಾವೇ ಮಾಡಬಹುದಾದ ಲೆಕ್ಕ

ಬೇಸಿಗೆ ಬಂದಿತೆಂದರೆ ನಮ್ಮ ಹಳ್ಳಿಗಳಲ್ಲಿ ಮೋಟಾರು ಸುಡುವ ಕಾಲ ಬಂದಂತೆಯೇ. ಕೊಳವೆಬಾವಿಯ ನೀರು ಕೆಳಗಿಳಿದಿರುತ್ತದೆ. ಕರೆಂಟು ಬರುವ ಕೆಲವೇ ಗಂಟೆಗಳಲ್ಲಿ ಒಂದೇ ಟಿ.ಸಿ.ಯ ಮೇಲಿನ ಎಲ್ಲ ಪಂಪ್‌ಸೆಟ್ಟುಗಳೂ ಒಟ್ಟಿಗೆ ಓಡುತ್ತವೆ. ವೋಲ್ಟೇಜು ಕುಸಿಯುತ್ತದೆ. ಒಂದು ದಿನ ಸ್ಟಾರ್ಟರ್ ಒತ್ತಿದರೆ ಮೋಟಾರು ತಿರುಗುವುದಿಲ್ಲ. ಆಗ ಪೈಪು ಸಮೇತ ಮೋಟಾರನ್ನು ಮೇಲೆತ್ತಿಸುವ ಕೂಲಿ, ರೀವೈಂಡಿಂಗ್ ಖರ್ಚು, ಮತ್ತೆ ಇಳಿಸುವ ಕೂಲಿ ಎಲ್ಲವೂ ರೈತನ ತಲೆಯ ಮೇಲೆಯೇ. ಇವೆಲ್ಲಕ್ಕಿಂತ ದೊಡ್ಡ ನಷ್ಟವೆಂದರೆ ಆ ನಾಲ್ಕೈದು ದಿನ ನೀರಿಲ್ಲದೆ ಬಾಡುವ ಬೆಳೆ.

ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ಸರ್ಕಾರ ಉಚಿತವಾಗಿ ವಿದ್ಯುತ್ ಒದಗಿಸುತ್ತಿರುವುದರಿಂದ, ವಿದ್ಯುತ್ತಿನ ಲೆಕ್ಕ ನಮಗೇಕೆ ಎಂದು ಅನೇಕ ರೈತರು ಭಾವಿಸುವುದುಂಟು. ಆದರೆ ಕರೆಂಟು ಉಚಿತವಾದರೂ ರೀವೈಂಡಿಂಗ್ ಉಚಿತವಲ್ಲ. ಮೋಟಾರು ಏಕೆ ಬಿಸಿಯಾಗುತ್ತದೆ, ಕೇಬಲ್ ಎಷ್ಟು ದಪ್ಪವಿರಬೇಕು, ಫ್ಯೂಸು ಏಕೆ ಹೋಗುತ್ತದೆ, ಸ್ಟಾರ್ಟರ್ ಪೆಟ್ಟಿಗೆ ಮುಟ್ಟಿದರೆ ಏಕೆ ಜುಂ ಎನ್ನುತ್ತದೆ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುವುದು ಒಂದೆರಡು ಸರಳ ಸೂತ್ರಗಳು. ಗುಣಾಕಾರ ಭಾಗಾಕಾರ ಬಲ್ಲ ಯಾವ ರೈತನಾದರೂ ಈ ಲೆಕ್ಕಗಳನ್ನು ಮಾಡಬಹುದು. ಬೇಕಾದ ಅಂಕಿಗಳು ಸ್ಟಾರ್ಟರ್ ಪೆಟ್ಟಿಗೆಯ ಮೇಲಿನ ಎರಡು ಮೀಟರುಗಳಲ್ಲಿಯೇ ಇವೆ.

ಮೂರು ಅಳತೆಗಳು

ವಿದ್ಯುತ್ತನ್ನು ನೀರಿಗೆ ಹೋಲಿಸಿ ನೋಡಿದರೆ ವಿಷಯ ಸುಲಭವಾಗಿ ತಿಳಿಯುತ್ತದೆ. ಎತ್ತರದ ತೊಟ್ಟಿಯಿಂದ ಪೈಪಿನ ಮೂಲಕ ಹೊಲಕ್ಕೆ ನೀರು ಬಿಟ್ಟಿದ್ದೀರಿ ಎಂದುಕೊಳ್ಳಿ.

1. ತೊಟ್ಟಿ ಎತ್ತರದಲ್ಲಿದ್ದಷ್ಟೂ ನೀರಿನ ಒತ್ತಡ ಹೆಚ್ಚು. ವಿದ್ಯುತ್ತಿನಲ್ಲಿ ಈ ಒತ್ತಡವೇ ವೋಲ್ಟೇಜು. ಇದರ ಅಳತೆ ವೋಲ್ಟ್. ನಮ್ಮ ಮನೆಗಳಿಗೆ ಬರುವುದು ಸುಮಾರು 230 ವೋಲ್ಟ್. ತ್ರೀ ಫೇಸ್ ಪಂಪ್‌ಸೆಟ್ಟಿಗೆ ಎರಡು ಫೇಸುಗಳ ನಡುವೆ ಇರಬೇಕಾದ್ದು 400ರಿಂದ 415 ವೋಲ್ಟ್.

2. ಪೈಪಿನಲ್ಲಿ ಸೆಕೆಂಡಿಗೆ ಇಷ್ಟು ಲೀಟರ್ ನೀರು ಹರಿಯುತ್ತದೆ ಎನ್ನುವಂತೆ ತಂತಿಯಲ್ಲಿ ಹರಿಯುವ ವಿದ್ಯುತ್ ಪ್ರವಾಹಕ್ಕೂ ಅಳತೆಯುಂಟು. ಅದು ಆಂಪಿಯರ್.

3. ಪೈಪು ಸಣ್ಣದಾಗಿದ್ದರೆ, ಉದ್ದವಾಗಿದ್ದರೆ ನೀರು ಸರಾಗವಾಗಿ ಹರಿಯುವುದಿಲ್ಲ. ತಂತಿಯಲ್ಲಿಯೂ ಹೀಗೆಯೇ. ಪ್ರವಾಹಕ್ಕೆ ತಂತಿ ಒಡ್ಡುವ ಈ ತಡೆಗೆ ರೋಧ ಎಂದು ಹೆಸರು. ಇದರ ಅಳತೆ ಓಮ್.

ಜರ್ಮನಿಯ ಗೇಯಾರ್ಗ್ ಓಮ್ ಎಂಬ ಶಿಕ್ಷಕ 1827ರಲ್ಲಿ ಈ ಮೂರಕ್ಕೂ ಇರುವ ಸಂಬಂಧವನ್ನು ಪ್ರಕಟಿಸಿದನು. ಅದೇ ಓಮನ ನಿಯಮ. ಅದನ್ನು ಮೂರು ರೀತಿಯಲ್ಲಿ ಬರೆದುಕೊಳ್ಳಬಹುದು.

ರೋಧ = ವೋಲ್ಟ್ ÷ ಆಂಪಿಯರ್
ಆಂಪಿಯರ್ = ವೋಲ್ಟ್ ÷ ರೋಧ
ವೋಲ್ಟ್ = ಆಂಪಿಯರ್ × ರೋಧ

ಎರಡು ಅಂಕಿಗಳು ಗೊತ್ತಿದ್ದರೆ ಮೂರನೆಯದು ತಾನಾಗಿಯೇ ಸಿಗುತ್ತದೆ.

ವಾಟ್ ಎಂದರೇನು? ಯೂನಿಟ್ ಎಂದರೇನು?

ಒತ್ತಡ ಮತ್ತು ಹರಿವು ಎರಡೂ ಸೇರಿದಾಗ ಕೆಲಸ ನಡೆಯುತ್ತದೆ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಬರುವುದೇ ವಿದ್ಯುತ್ ಶಕ್ತಿಯ ಪ್ರಮಾಣ. ಇದರ ಅಳತೆ ವಾಟ್. ಸಾವಿರ ವಾಟ್ ಒಂದು ಕಿಲೋವಾಟ್. ಒಂದು ಕಿಲೋವಾಟ್ ಒಂದು ಗಂಟೆ ಕಾಲ ಖರ್ಚಾದರೆ ಒಂದು ಯೂನಿಟ್. ಒಂದು ಅಶ್ವಶಕ್ತಿ ಎಂದರೆ 746 ವಾಟ್.

ಮನೆಯಲ್ಲಿ ಬಕೆಟ್ಟಿನ ನೀರು ಕಾಯಿಸುವ ಕಾಯಿಲನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಮೇಲೆ 230 ವೋಲ್ಟ್, 1000 ವಾಟ್ ಎಂದು ಬರೆದಿರುತ್ತದೆ.

ಪ್ರವಾಹ: 1000 ÷ 230 = 4.35 ಆಂಪಿಯರ್
ರೋಧ: 230 ÷ 4.35 = ಸುಮಾರು 53 ಓಮ್

ಈಗ ಸಂಜೆಯ ಹೊತ್ತು ವೋಲ್ಟೇಜು 180ಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. ಕಾಯಿಲಿನ ರೋಧ ಬದಲಾಗುವುದಿಲ್ಲ. ಅದು 53 ಓಮ್ ಆಗಿಯೇ ಇರುತ್ತದೆ. ಆದ್ದರಿಂದ,

ಪ್ರವಾಹ: 180 ÷ 53 = 3.4 ಆಂಪಿಯರ್
ಶಕ್ತಿ: 180 × 3.4 = 612 ವಾಟ್

ವೋಲ್ಟೇಜು ಶೇಕಡ 22ರಷ್ಟು ಇಳಿದರೆ ಶಾಖ ಶೇಕಡ 39ರಷ್ಟು ಇಳಿಯಿತು. ನೀರು ಕಾಯುವುದು ತಡವಾಗುತ್ತದೆ, ಅಷ್ಟೆ. ಕಾಯಿಲಿಗೆ ಯಾವ ಅಪಾಯವೂ ಇಲ್ಲ.

ಮೋಟಾರು ಕಾಯಿಲಿನಂತಲ್ಲ

ರೈತರು ವಿಶೇಷವಾಗಿ ಗಮನಿಸಬೇಕಾದ ಅಂಶ ಇದು. ವೋಲ್ಟೇಜು ಇಳಿದಾಗ ಕಾಯಿಲು ಕಡಿಮೆ ಪ್ರವಾಹ ಎಳೆಯುತ್ತದೆ. ಮೋಟಾರು ಹೆಚ್ಚು ಪ್ರವಾಹ ಎಳೆಯುತ್ತದೆ. ಕಾರಣವಿಷ್ಟೆ: ಮೋಟಾರಿನ ಬೆನ್ನಿಗೆ ಪಂಪು ಇದೆ. ಪಂಪು ಎತ್ತಬೇಕಾದ ನೀರಿನ ಭಾರ ವೋಲ್ಟೇಜು ಇಳಿಯಿತೆಂದು ಕಡಿಮೆಯಾಗುವುದಿಲ್ಲ. ಆ ಕೆಲಸ ಮಾಡಲು ಬೇಕಾದ ವಾಟ್ ಬೇಕೇ ಬೇಕು. ಒತ್ತಡ ಕಡಿಮೆಯಾದ್ದನ್ನು ಹರಿವು ಹೆಚ್ಚಿಸಿಕೊಂಡು ಮೋಟಾರು ಸರಿದೂಗಿಸುತ್ತದೆ.

ತ್ರೀ ಫೇಸ್ ಮೋಟಾರು ಎಳೆಯುವ ಶಕ್ತಿಯನ್ನು ಲೆಕ್ಕ ಹಾಕುವ ಸೂತ್ರ ಹೀಗಿದೆ.

ವಾಟ್ = 1.732 × ವೋಲ್ಟ್ × ಆಂಪಿಯರ್ × ಪವರ್ ಫ್ಯಾಕ್ಟರ್

1.732 ಎಂಬುದು ಮೂರು ಫೇಸುಗಳ ಕಾರಣದಿಂದ ಬರುವ ಸಂಖ್ಯೆ. ಪವರ್ ಫ್ಯಾಕ್ಟರ್ ಎಂದರೆ ಎಳೆದ ಪ್ರವಾಹದಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು. ಕೆಪಾಸಿಟರ್ ಇಲ್ಲದ ಪಂಪ್‌ಸೆಟ್ಟಿಗೆ ಇದನ್ನು 0.8 ಎಂದು ಹಿಡಿಯಬಹುದು.

5 ಅಶ್ವಶಕ್ತಿಯ ಒಂದು ಸಬ್‌ಮರ್ಸಿಬಲ್ ಪಂಪ್‌ಸೆಟ್ಟು 400 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುತ್ತಿದೆ ಎಂದುಕೊಳ್ಳೋಣ.

1.732 × 400 × 10 × 0.8 = ಸುಮಾರು 5540 ವಾಟ್

ಅಂದರೆ ಗಂಟೆಗೆ ಐದೂವರೆ ಯೂನಿಟ್. ದಿನಕ್ಕೆ 6 ಗಂಟೆ ಓಡಿದರೆ 33 ಯೂನಿಟ್. ಆದರೆ 5 ಅಶ್ವಶಕ್ತಿ ಎಂದರೆ 5 × 746 = 3730 ವಾಟ್ ಮಾತ್ರ. ಉಳಿದ 1800 ವಾಟ್ ಎಲ್ಲಿ ಹೋಯಿತು? ಕೇಬಲ್ಲಿನಲ್ಲಿ, ಮೋಟಾರಿನ ಸುರುಳಿಯಲ್ಲಿ, ಕಬ್ಬಿಣದ ಹಾಳೆಗಳಲ್ಲಿ, ಬೇರಿಂಗಿನಲ್ಲಿ ಶಾಖವಾಗಿ ಹೋಯಿತು. ಈ ಶಾಖವನ್ನು ಹೊರಹಾಕುವಷ್ಟು ತಂಪು ಸಿಕ್ಕಿದರೆ ಮೋಟಾರಿಗೆ ಏನೂ ಆಗದು. ಶಾಖ ಇದಕ್ಕಿಂತ ಹೆಚ್ಚಾದಾಗಲೇ ತೊಂದರೆ.

ಈಗ ವೋಲ್ಟೇಜು 320ಕ್ಕೆ ಇಳಿಯಿತು. ಕೆಲಸ ಅಷ್ಟೇ ಇರುವುದರಿಂದ ಬೇಕಾದ ಪ್ರವಾಹ:

5540 ÷ (1.732 × 320 × 0.8) = ಸುಮಾರು 12.5 ಆಂಪಿಯರ್

ಎರಡೂವರೆ ಆಂಪಿಯರ್ ತಾನೇ ಹೆಚ್ಚಾದದ್ದು ಎಂದು ತಳ್ಳಿಹಾಕಬಾರದು. ತಂತಿಯಲ್ಲಿ ಹುಟ್ಟುವ ಶಾಖದ ಸೂತ್ರ ಬೇರೆ:

ಶಾಖ = ಆಂಪಿಯರ್ × ಆಂಪಿಯರ್ × ರೋಧ

10 × 10 = 100. 12.5 × 12.5 = 156. ಪ್ರವಾಹ ಕಾಲು ಭಾಗ ಹೆಚ್ಚಾದರೆ ಸುರುಳಿಯ ಶಾಖ ಅರ್ಧಕ್ಕಿಂತಲೂ ಹೆಚ್ಚು ಭಾಗ ಏರಿತು. ಮೋಟಾರಿನ ನಿರೋಧಕ ಹೊದಿಕೆಯ ವಿಷಯದಲ್ಲಿ ತಂತ್ರಜ್ಞರು ಒಂದು ವಾಡಿಕೆಯ ಮಾತು ಹೇಳುತ್ತಾರೆ: ಮಿತಿ ಮೀರಿ 10 ಡಿಗ್ರಿ ಸೆಲ್ಸಿಯಸ್ ಬಿಸಿ ಹೆಚ್ಚಾದಂತೆಲ್ಲ ಅದರ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ. ಮೋಟಾರು ಒಂದೇ ದಿನ ಸುಟ್ಟಂತೆ ಕಂಡರೂ ಅದು ವಾಸ್ತವವಾಗಿ ಹಲವು ತಿಂಗಳಿಂದ ಸುಡುತ್ತಾ ಬಂದಿರುತ್ತದೆ.

ಆದ್ದರಿಂದ ವೋಲ್ಟ್ ಮೀಟರಿನ ಮುಳ್ಳು 350ಕ್ಕಿಂತ ಕೆಳಗಿದ್ದಾಗ ಪಂಪನ್ನು ಓಡಿಸದಿರುವುದು ಕ್ಷೇಮ. ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನು ಮೋಟಾರಿನ ನಾಮಫಲಕದ ಮೇಲೆ ಬರೆದಿರುವ ಆಂಪಿಯರಿಗೆ ಸರಿಯಾಗಿ ಇಡಬೇಕು. ರಿಲೇ ಪದೇ ಪದೇ ಬೀಳುತ್ತದೆಂದು ಅದನ್ನು ಮೇಲಕ್ಕೆ ತಿರುಗಿಸುವುದು, ಇಲ್ಲವೇ ತಂತಿ ಕಟ್ಟಿ ಅದನ್ನು ತಪ್ಪಿಸುವುದು, ಬೊಗಳುವ ಕಾವಲು ನಾಯಿಯನ್ನು ಹೊಡೆದು ಓಡಿಸಿದಂತೆ.

ಕೇಬಲ್ ತಿನ್ನುವ ವೋಲ್ಟ್

ಟಿ.ಸಿ.ಯಿಂದ 400 ವೋಲ್ಟ್ ಬಂದರೂ ಮೋಟಾರಿಗೆ 400 ವೋಲ್ಟ್ ತಲುಪುವುದಿಲ್ಲ. ನಡುವಿನ ತಂತಿಯ ರೋಧ ತನ್ನ ಪಾಲನ್ನು ತೆಗೆದುಕೊಂಡೇ ಬಿಡುತ್ತದೆ. ಕೊಳವೆಬಾವಿಗಳು ಆಳವಾಗಿರುವ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನಂತಹ ಕಡೆಗಳಲ್ಲಿ ಈ ಲೆಕ್ಕ ಅತಿ ಮುಖ್ಯ.

ತಾಮ್ರದ ತಂತಿಯ ರೋಧವನ್ನು ಅಂದಾಜು ಮಾಡಲು ಹೀಗೆ ಮಾಡಿರಿ. ಉದ್ದವನ್ನು ಮೀಟರಿನಲ್ಲಿ ತೆಗೆದುಕೊಂಡು 18ರಿಂದ ಗುಣಿಸಿರಿ. ಬಂದದ್ದನ್ನು ತಂತಿಯ ದಪ್ಪದಿಂದ, ಅಂದರೆ ಅದರ ಚದರ ಮಿಲಿಮೀಟರ್ ಸಂಖ್ಯೆಯಿಂದ ಭಾಗಿಸಿರಿ. ಮತ್ತೆ 1000ದಿಂದ ಭಾಗಿಸಿರಿ. ಅಲ್ಯೂಮಿನಿಯಂ ತಂತಿಯಾದರೆ 18ರ ಬದಲು 30 ಎಂದು ಹಿಡಿಯಿರಿ.

ಉದಾಹರಣೆಗೆ, ಪಂಪನ್ನು 500 ಅಡಿ ಆಳಕ್ಕೆ ಇಳಿಸಿದೆ. ಬಾವಿಯ ಬಾಯಿಂದ ಸ್ಟಾರ್ಟರಿಗೆ 160 ಅಡಿ. ಒಟ್ಟು 660 ಅಡಿ, ಅಂದರೆ ಸುಮಾರು 200 ಮೀಟರ್. ಕೇಬಲ್ 2.5 ಚದರ ಮಿಲಿಮೀಟರಿನದು.

ಒಂದೊಂದು ಎಳೆಯ ರೋಧ: 18 × 200 ÷ 2.5 ÷ 1000 = 1.44 ಓಮ್
ಕೇಬಲ್ಲಿನಲ್ಲಿ ಇಳಿಯುವ ವೋಲ್ಟ್: 1.732 × 10 × 1.44 = ಸುಮಾರು 25 ವೋಲ್ಟ್
ಮೂರು ಎಳೆಗಳಲ್ಲಿ ಶಾಖವಾಗಿ ಹೋಗುವ ಶಕ್ತಿ: 3 × 10 × 10 × 1.44 = 432 ವಾಟ್

ಇದೇ ರೀತಿ ಬೇರೆ ಬೇರೆ ದಪ್ಪದ ತಾಮ್ರದ ಕೇಬಲ್ಲುಗಳಿಗೆ, 200 ಮೀಟರ್ ಉದ್ದಕ್ಕೆ ಮತ್ತು 10 ಆಂಪಿಯರಿಗೆ ಲೆಕ್ಕ ಹಾಕಿದರೆ ದೊರೆಯುವ ಫಲಿತಾಂಶ ಹೀಗಿದೆ.

1.5 ಚದರ ಮಿ.ಮೀ.: ರೋಧ 2.40 ಓಮ್, ಇಳಿತ 42 ವೋಲ್ಟ್, ನಷ್ಟ 720 ವಾಟ್
2.5 ಚದರ ಮಿ.ಮೀ.: ರೋಧ 1.44 ಓಮ್, ಇಳಿತ 25 ವೋಲ್ಟ್, ನಷ್ಟ 432 ವಾಟ್
4 ಚದರ ಮಿ.ಮೀ.: ರೋಧ 0.90 ಓಮ್, ಇಳಿತ 16 ವೋಲ್ಟ್, ನಷ್ಟ 270 ವಾಟ್
6 ಚದರ ಮಿ.ಮೀ.: ರೋಧ 0.60 ಓಮ್, ಇಳಿತ 10 ವೋಲ್ಟ್, ನಷ್ಟ 180 ವಾಟ್

ಪವರ್ ಫ್ಯಾಕ್ಟರಿನ ಕಾರಣದಿಂದ ನಿಜವಾದ ಇಳಿತ ಇದಕ್ಕಿಂತ ತುಸು ಕಡಿಮೆಯಿರಬಹುದು. ಆದರೆ ಕೇಬಲ್ ಕೊಳ್ಳುವಾಗ ಲೆಕ್ಕ ಹೆಚ್ಚಿನ ಕಡೆಗೇ ಇರುವುದು ಒಳ್ಳೆಯದು. ಕೇಬಲ್ಲಿನಲ್ಲಿ ಇಳಿಯುವ ವೋಲ್ಟು ಒಟ್ಟು ವೋಲ್ಟೇಜಿನ ಶೇಕಡ 5ನ್ನು, ಅಂದರೆ 20 ವೋಲ್ಟನ್ನು ಮೀರದಂತೆ ನೋಡಿಕೊಳ್ಳಬೇಕು. ಆ ಪ್ರಕಾರ ಮೇಲಿನ ಬಾವಿಗೆ 4 ಚದರ ಮಿ.ಮೀ. ಕೇಬಲ್ ತಕ್ಕದ್ದು. ಟಿ.ಸಿ.ಯಿಂದ ದೂರದಲ್ಲಿದ್ದು, ಮೊದಲೇ ವೋಲ್ಟೇಜು ಕಡಿಮೆ ಬರುವವರು 6 ಚದರ ಮಿ.ಮೀ. ಹಾಕಿಸುವುದು ಮೇಲು. ಮೀಟರಿನಲ್ಲಿ 360 ವೋಲ್ಟ್ ಕಂಡು ಧೈರ್ಯವಾಗಿ ಪಂಪು ಓಡಿಸಿದರೆ, ಸಣ್ಣ ಕೇಬಲ್ಲಿನ ದೆಸೆಯಿಂದ ಬಾವಿಯ ತಳದಲ್ಲಿರುವ ಮೋಟಾರಿಗೆ ಸಿಗುವುದು 320 ಮಾತ್ರ ಎಂಬುದನ್ನು ಮರೆಯಬಾರದು.

ಬೋರ್‌ವೆಲ್ ಆಳಗೊಳಿಸಿ ಪಂಪನ್ನು ಇನ್ನೂ ಕೆಳಕ್ಕೆ ಇಳಿಸುವಾಗ ಹಳೆಯ ಕೇಬಲ್ಲಿಗೆ ತುಂಡು ಜೋಡಿಸುವ ಪದ್ಧತಿ ಇದೆ. ಉದ್ದ ಹೆಚ್ಚಾದರೆ ರೋಧವೂ ಅಷ್ಟೇ ಪಾಲು ಹೆಚ್ಚುತ್ತದೆ. ಜೋಡಿಸುವ ಮೊದಲು ಇಡೀ ಉದ್ದಕ್ಕೆ ಮತ್ತೊಮ್ಮೆ ಲೆಕ್ಕ ಹಾಕಿರಿ.

ಸಡಿಲ ಜೋಡಣೆಯ ಕೇಡು

ತಂತಿಯಲ್ಲಿ ರೋಧ ಉದ್ದಕ್ಕೂ ಹಂಚಿಕೊಂಡಿರುತ್ತದೆ. ಆದರೆ ಸಡಿಲವಾದ ಜೋಡಣೆಯಲ್ಲಿ, ತುಕ್ಕು ಹಿಡಿದ ಸ್ಕ್ರೂವಿನಲ್ಲಿ, ಸುಟ್ಟ ಕಾಂಟ್ಯಾಕ್ಟಿನಲ್ಲಿ ರೋಧವೆಲ್ಲ ಒಂದೇ ಕಡೆ ಕೂಡಿಕೊಳ್ಳುತ್ತದೆ. ಅಂತಹ ಒಂದು ಜೋಡಣೆಯಲ್ಲಿ ಅರ್ಧ ಓಮ್ ರೋಧವಿದ್ದರೆ:

10 × 10 × 0.5 = 50 ವಾಟ್

ರೇಡಿಯೋ ರಿಪೇರಿ ಮಾಡುವವನ ಬೆಸುಗೆ ಕಡ್ಡಿಯ ಶಾಖ ಸುಮಾರು ಇಷ್ಟೇ. ಒಂದು ಸ್ಕ್ರೂವಿನ ಬುಡದಲ್ಲಿ ಬೆಸುಗೆ ಕಡ್ಡಿಯನ್ನು ಗಂಟೆಗಟ್ಟಲೆ ಇಟ್ಟರೆ ಏನಾಗುವುದೋ ಅದೇ ಆಗುತ್ತದೆ. ತಂತಿಯ ಹೊದಿಕೆ ಕರಗುತ್ತದೆ, ಕೊನೆಗೆ ಆ ಫೇಸು ಕಡಿದು ಹೋಗುತ್ತದೆ. ಉಳಿದ ಎರಡು ಫೇಸುಗಳ ಮೇಲೆಯೇ ಮೋಟಾರು ಓಡತೊಡಗಿದರೆ ಅವುಗಳಲ್ಲಿ ಪ್ರವಾಹ ಸುಮಾರು 1.7 ಪಟ್ಟು ಆಗುತ್ತದೆ. ಶಾಖ ಸುಮಾರು ಮೂರು ಪಟ್ಟು. ಇಂತಹ ಸ್ಥಿತಿಯಲ್ಲಿ ಮೋಟಾರು ನಿಮಿಷಗಳಲ್ಲಿ ಸುಡಬಹುದು. ಸ್ಟಾರ್ಟರಿಗೆ ಸಿಂಗಲ್ ಫೇಸಿಂಗ್ ತಡೆಯುವ ಸಾಧನ ಹಾಕಿಸುವುದು ಅವಶ್ಯಕ.

ತಿಂಗಳಿಗೊಮ್ಮೆ ಮೈನ್ ಸ್ವಿಚ್ಚನ್ನು ಕೆಡಿಸಿ, ಕರೆಂಟು ಇಲ್ಲವೆಂದು ಟೆಸ್ಟರಿನಿಂದ ಖಚಿತಪಡಿಸಿಕೊಂಡು, ಎಲ್ಲ ಸ್ಕ್ರೂಗಳನ್ನು ಬಿಗಿ ಮಾಡಿಸಬೇಕು. ಒಂದು ಹೊತ್ತಿನ ಈ ಕೆಲಸ ಒಂದು ಮೋಟಾರನ್ನು ಉಳಿಸಬಲ್ಲದು.

ಟಿ.ಸಿ. ಎಲ್ಲರದು

11 ಸಾವಿರ ವೋಲ್ಟಿನ ತಂತಿಯನ್ನು ಹೊಲದ ಹತ್ತಿರದವರೆಗೆ ತಂದು, ಅಲ್ಲಿ ಟಿ.ಸಿ. ಇಟ್ಟು ವೋಲ್ಟೇಜು ಇಳಿಸುವುದೇಕೆ? ಇದಕ್ಕೂ ಅದೇ ಲೆಕ್ಕವೇ ಉತ್ತರ. 63 ಕೆ.ವಿ.ಎ. ಟಿ.ಸಿ.ಯ ಪೂರ್ತಿ ಹೊರೆಯನ್ನು 11 ಸಾವಿರ ವೋಲ್ಟಿನಲ್ಲಿ ತಂದರೆ ತಂತಿಯಲ್ಲಿ ಹರಿಯುವುದು ಕೇವಲ 3.3 ಆಂಪಿಯರ್. ಅದೇ ಹೊರೆ 433 ವೋಲ್ಟಿನಲ್ಲಿ 84 ಆಂಪಿಯರ್. ಅದೇ ತಂತಿಯಲ್ಲಿ ನಷ್ಟ ಸುಮಾರು 645 ಪಟ್ಟು ಹೆಚ್ಚು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ದೂರದ ಕೋಲಾರದ ಚಿನ್ನದ ಗಣಿಗೆ ಕೊಂಡೊಯ್ಯಲು ಸಾಧ್ಯವಾದದ್ದೂ ಹೆಚ್ಚಿನ ವೋಲ್ಟೇಜಿನಿಂದಲೇ. ಟಿ.ಸಿ.ಯಿಂದ ಹೊಲಕ್ಕೆ ಎಳೆದ ಕಡಿಮೆ ವೋಲ್ಟೇಜಿನ ತಂತಿ ಉದ್ದವಾದಷ್ಟೂ ಕೊನೆಯ ರೈತನಿಗೆ ನಷ್ಟ.

ಈಗ ಅದೇ 84 ಆಂಪಿಯರನ್ನು ನೋಡಿ. ತಲಾ 10 ಆಂಪಿಯರ್ ಎಳೆಯುವ 8 ಪಂಪ್‌ಸೆಟ್ಟುಗಳಿಗೆ ಅದು ಸರಿಹೋಯಿತು. ಹತ್ತು ಪಂಪ್‌ಸೆಟ್ಟುಗಳಾದರೆ 100 ಆಂಪಿಯರ್; ಟಿ.ಸಿ. ಮಿತಿ ಮೀರಿ ದುಡಿಯುತ್ತದೆ. ಇದಲ್ಲದೆ ಮೋಟಾರು ಹೊರಡುವಾಗ, ನೇರ ಸ್ಟಾರ್ಟರ್ ಇದ್ದರೆ, ಓಡುವಾಗಿನ ಸುಮಾರು ಆರು ಪಟ್ಟು ಪ್ರವಾಹ ಎಳೆಯುತ್ತದೆ. ಆಟೋ ಸ್ಟಾರ್ಟರ್ ಹಾಕಿದ ಹತ್ತು ಪಂಪುಗಳು ಕರೆಂಟು ಬಂದ ಕ್ಷಣದಲ್ಲಿ ಒಟ್ಟಿಗೆ ಹೊರಟರೆ ಟಿ.ಸಿ.ಯ ಮೇಲೆ 600 ಆಂಪಿಯರ್ ಬೀಳುತ್ತದೆ. ವೋಲ್ಟೇಜು ನೆಲ ಕಚ್ಚುತ್ತದೆ, ಯಾವ ಮೋಟಾರೂ ಸರಿಯಾಗಿ ವೇಗ ಹಿಡಿಯುವುದಿಲ್ಲ, ಫ್ಯೂಸು ಹೋಗುತ್ತದೆ. ಫ್ಯೂಸಿಗೆ ದಪ್ಪ ತಂತಿ ಕಟ್ಟಿದರೆ ಟಿ.ಸಿ.ಯೇ ಸುಡುತ್ತದೆ. ಒಂದು ಟಿ.ಸಿ.ಯ ರೈತರು ಕೂತು ಮಾತನಾಡಿಕೊಂಡು, ಸರದಿಯ ಮೇಲೆ ಒಬ್ಬೊಬ್ಬರಾಗಿ ಪಂಪು ಹಾಕಿಕೊಂಡರೆ ಇದಕ್ಕೆ ಪರಿಹಾರ ಸಿಗುತ್ತದೆ. ಆಟೋ ಸ್ಟಾರ್ಟರ್ ಬೇಕೇ ಬೇಕು ಎನ್ನುವವರು ತಡವಾಗಿ ಹೊರಡಿಸುವ ಟೈಮರ್ ಜೋಡಿಸಿ, ಒಬ್ಬೊಬ್ಬರದು ಒಂದೊಂದು ನಿಮಿಷ ಹಿಂದುಮುಂದಾಗುವಂತೆ ಇಟ್ಟುಕೊಳ್ಳಬೇಕು.

ಇನ್ನೊಂದು ಸುಲಭ ಉಪಾಯ ಕೆಪಾಸಿಟರ್. 3 ಅಶ್ವಶಕ್ತಿಗೆ 1, 5ಕ್ಕೆ 2, ಏಳೂವರೆಗೆ 3, 10ಕ್ಕೆ 4 ಕೆ.ವಿ.ಎ.ಆರ್. ಕೆಪಾಸಿಟರ್ ಹಾಕುವುದು ವಾಡಿಕೆ. ನಮ್ಮ ಉದಾಹರಣೆಯ 5 ಅಶ್ವಶಕ್ತಿಯ ಪಂಪ್‌ಸೆಟ್ಟಿಗೆ 2 ಕೆ.ವಿ.ಎ.ಆರ್. ಹಾಕಿದರೆ ಪವರ್ ಫ್ಯಾಕ್ಟರ್ 0.8ರಿಂದ 0.93ಕ್ಕೆ ಏರುತ್ತದೆ.

5540 ÷ (1.732 × 400 × 0.93) = 8.6 ಆಂಪಿಯರ್

ಟಿ.ಸಿ.ಯಿಂದ ಸ್ಟಾರ್ಟರಿನವರೆಗಿನ ತಂತಿಯಲ್ಲಿ ಪ್ರವಾಹ 10ರಿಂದ 8.6ಕ್ಕೆ ಇಳಿದರೆ ಶಾಖ 100ರಿಂದ 74ಕ್ಕೆ ಇಳಿಯುತ್ತದೆ. ಸ್ಟಾರ್ಟರಿನಿಂದ ಬಾವಿಯೊಳಕ್ಕೆ ಹೋಗುವ ಕೇಬಲ್ಲಿನಲ್ಲಿ ಮಾತ್ರ ಪ್ರವಾಹ ಮೊದಲಿನಷ್ಟೇ ಇರುತ್ತದೆ. ಹತ್ತು ಮಂದಿಯೂ ಕೆಪಾಸಿಟರ್ ಹಾಕಿದರೆ 100 ಆಂಪಿಯರ್ ಇದ್ದ ಹೊರೆ 86 ಆಗುತ್ತದೆ, ಟಿ.ಸಿ.ಯ ಮಿತಿಗೆ ಹೆಚ್ಚು ಕಡಿಮೆ ಬಂದು ನಿಲ್ಲುತ್ತದೆ. ಒಬ್ಬನೇ ಹಾಕಿದರೆ ಲಾಭ ಸ್ವಲ್ಪ. ಎಲ್ಲರೂ ಹಾಕಿದರೆ ಎಲ್ಲರ ವೋಲ್ಟೇಜೂ ಏರುತ್ತದೆ.

ಜೀವ ಉಳಿಸುವ ಲೆಕ್ಕ

ಮೋಟಾರು ಸುಟ್ಟರೆ ಮತ್ತೆ ಕಟ್ಟಿಸಬಹುದು. ಪ್ರಾಣ ಹಾಗಲ್ಲ. ಆದ್ದರಿಂದ ಭೂಸಂಪರ್ಕದ, ಅಂದರೆ ಅರ್ಥಿಂಗಿನ ಲೆಕ್ಕವನ್ನು ಪ್ರತಿಯೊಬ್ಬ ರೈತನೂ ತಿಳಿದಿರಬೇಕು.

ಹೊದಿಕೆ ಹರಿದ ಒಂದು ಫೇಸು ತಂತಿ ಸ್ಟಾರ್ಟರಿನ ಕಬ್ಬಿಣದ ಪೆಟ್ಟಿಗೆಗೆ ತಾಗಿತು ಎಂದುಕೊಳ್ಳಿ. ಪೆಟ್ಟಿಗೆಗೂ ಭೂಮಿಗೂ ಈಗ 230 ವೋಲ್ಟ್. ನಿಮ್ಮ ಅರ್ಥ್ ಗುಂಡಿ ಮತ್ತು ಟಿ.ಸಿ.ಯ ಅರ್ಥ್ ಗುಂಡಿ ಎರಡೂ ಸೇರಿ 23 ಓಮ್ ರೋಧವಿದ್ದರೆ,

230 ÷ 23 = 10 ಆಂಪಿಯರ್

ಫ್ಯೂಸು 20 ಆಂಪಿಯರಿನದು. ಅದು ಹೋಗುವುದಿಲ್ಲ. ಪೆಟ್ಟಿಗೆಯಲ್ಲಿ ಕರೆಂಟು ಹಾಗೆಯೇ ನಿಂತಿರುತ್ತದೆ, ಕೈಯಿಡುವವನಿಗಾಗಿ ಕಾಯುತ್ತಾ. ಅದೇ ಒಟ್ಟು ರೋಧ 5 ಓಮ್ ಇದ್ದಿದ್ದರೆ,

230 ÷ 5 = 46 ಆಂಪಿಯರ್

ಫ್ಯೂಸು ಕರಗಿ ಅಪಾಯ ತಪ್ಪುತ್ತಿತ್ತು. ಫ್ಯೂಸಿನ ಜಾಗದಲ್ಲಿ ದಪ್ಪ ತಾಮ್ರದ ಎಳೆ ಕಟ್ಟಿದ್ದರೆ ಒಳ್ಳೆಯ ಅರ್ಥಿಂಗ್ ಇದ್ದೂ ಪ್ರಯೋಜನವಾಗುತ್ತಿರಲಿಲ್ಲ.

ಇನ್ನು ಮನುಷ್ಯನ ಮೈಯ ಲೆಕ್ಕ. ನೀರು ಹಾಯಿಸುತ್ತಾ ಒದ್ದೆ ಕೈ, ಬರಿಗಾಲಿನಲ್ಲಿ ನಿಂತವನ ಮೈಯ ರೋಧ ಸುಮಾರು 1000 ಓಮಿಗೆ ಇಳಿದಿರಬಹುದು.

230 ÷ 1000 = 0.23 ಆಂಪಿಯರ್

ಇದು 230 ಮಿಲಿ ಆಂಪಿಯರ್. ಎದೆಯ ಮೂಲಕ ಹರಿದರೆ 30 ಮಿಲಿ ಆಂಪಿಯರೇ ಅಪಾಯಕರ. ಪ್ರಾಣ ತೆಗೆಯಲು ಸಾಕಾಗುವ ಈ ಪ್ರವಾಹ 20 ಆಂಪಿಯರಿನ ಫ್ಯೂಸಿನ ಲೆಕ್ಕಕ್ಕೇ ಬರುವುದಿಲ್ಲ. ಫ್ಯೂಸು ಇರುವುದು ತಂತಿ ಮತ್ತು ಮೋಟಾರಿನ ರಕ್ಷಣೆಗೆ; ನಮ್ಮನ್ನು ನೇರವಾಗಿ ಕಾಪಾಡುವುದು ಅದರ ಕೈಲಾಗದು. ಆದ್ದರಿಂದ,

1. ಸ್ಟಾರ್ಟರ್ ಪೆಟ್ಟಿಗೆ, ಮೈನ್ ಸ್ವಿಚ್ಚು, ಮೋಟಾರಿನ ಮೈ, ಬಾವಿಯ ಬಾಯಿಯ ಕಬ್ಬಿಣ ಎಲ್ಲಕ್ಕೂ ಅರ್ಥ್ ತಂತಿ ಜೋಡಿಸಿರಬೇಕು.
2. ಅರ್ಥ್ ಗುಂಡಿ ಒಣಗಿದರೆ ಅದರ ರೋಧ ಏರುತ್ತದೆ. ಇದ್ದಿಲು ಮತ್ತು ಉಪ್ಪು ತುಂಬಿದ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ನೀರು ಹಾಕುತ್ತಿರಬೇಕು.
3. ಪಂಪ್‌ಮನೆಯ ದೀಪ, ಪ್ಲಗ್ಗುಗಳಿಗೆ ಮತ್ತು ಮನೆಗೆ 30 ಮಿಲಿ ಆಂಪಿಯರಿನ ಸೋರಿಕೆ ತಡೆ ಸ್ವಿಚ್ಚು ಹಾಕಿಸಬೇಕು.
4. ಟಿ.ಸಿ.ಯ ಫ್ಯೂಸನ್ನು ಲೈನ್‌ಮನ್ ಹೊರತು ಬೇರೆ ಯಾರೂ ಮುಟ್ಟಬಾರದು.

ಮೀಟರ್ ಓದಿ ರೋಗ ತಿಳಿಯುವುದು

ನಾಡಿ ನೋಡಿ ಕಾಯಿಲೆ ಹೇಳುವ ಹಾಗೆ ಎರಡು ಮೀಟರುಗಳನ್ನು ನೋಡಿ ಪಂಪ್‌ಸೆಟ್ಟಿನ ಸ್ಥಿತಿಯನ್ನು ತಿಳಿಯಬಹುದು.

ವೋಲ್ಟ್ ಕಡಿಮೆ, ಆಂಪಿಯರ್ ಹೆಚ್ಚು: ಲೈನಿನ ದೋಷ. ಪಂಪು ನಿಲ್ಲಿಸಿ ವೋಲ್ಟೇಜು ಏರುವವರೆಗೆ ಕಾಯಿರಿ.

ವೋಲ್ಟ್ ಸರಿ, ಆಂಪಿಯರ್ ಹೆಚ್ಚು: ಪಂಪಿನಲ್ಲಿ ಮರಳು ಸಿಕ್ಕಿರಬಹುದು, ಬೇರಿಂಗ್ ಸವೆದಿರಬಹುದು, ಸುರುಳಿಯ ಎಳೆಗಳು ಒಂದಕ್ಕೊಂದು ತಾಗಿರಬಹುದು.

ವೋಲ್ಟ್ ಸರಿ, ಆಂಪಿಯರ್ ತೀರ ಕಡಿಮೆ: ಬಾವಿಯಲ್ಲಿ ನೀರು ತಳ ಕಂಡಿದೆ, ಇಲ್ಲವೇ ಮೋಟಾರಿಗೂ ಪಂಪಿಗೂ ಇರುವ ಜೋಡಣೆ ಕಡಿದಿದೆ. ಸಬ್‌ಮರ್ಸಿಬಲ್ ಮೋಟಾರಿಗೆ ಸುತ್ತಲಿನ ನೀರೇ ತಂಪು. ನೀರಿಲ್ಲದೆ ಓಡಿಸಿದರೆ ಆಂಪಿಯರ್ ಕಡಿಮೆಯಿದ್ದರೂ ಕೆಡುತ್ತದೆ.

ಒಂದು ಫೇಸಿನಲ್ಲಿ ಆಂಪಿಯರ್ ಸೊನ್ನೆ, ಉಳಿದೆರಡರಲ್ಲಿ ಹೆಚ್ಚು: ಫೇಸು ಕಡಿದಿದೆ. ತಕ್ಷಣ ನಿಲ್ಲಿಸಿರಿ.

ಇಲ್ಲಿ ಒಂದು ಎಚ್ಚರಿಕೆ. ಓಡುತ್ತಿರುವ ಮೋಟಾರಿನ ವೋಲ್ಟನ್ನು ಆಂಪಿಯರಿನಿಂದ ಭಾಗಿಸಿ, ಬಂದದ್ದೇ ಸುರುಳಿಯ ರೋಧ ಎಂದು ತಿಳಿಯಬಾರದು. ತಿರುಗುವ ಮೋಟಾರು ತಾನೇ ಒಂದು ಎದುರು ವೋಲ್ಟೇಜನ್ನು ಹುಟ್ಟಿಸುವುದರಿಂದ ಆ ಲೆಕ್ಕ ಹೊಂದುವುದಿಲ್ಲ. ಸುರುಳಿಯ ರೋಧ ಬೇಕಾದರೆ ಕರೆಂಟು ತೆಗೆದು, ಕೇಬಲ್ಲಿನ ಮೂರೂ ತುದಿಗಳನ್ನು ಸ್ಟಾರ್ಟರಿನಿಂದ ಬಿಡಿಸಿ, ಎರಡೆರಡು ತುದಿಗಳ ನಡುವೆ ಮಲ್ಟಿಮೀಟರ್ ಇಟ್ಟು ಅಳೆಯಬೇಕು. ಮೂರು ಅಳತೆಗಳೂ ಸರಿಸಮವಾಗಿದ್ದರೆ ಸುರುಳಿ ಚೆನ್ನಾಗಿದೆ. ಒಂದು ಅಳತೆ ಬೇರೆಯಾದರೆ ದೋಷವಿದೆ. ಸುರುಳಿಗೂ ಭೂಮಿಗೂ ನಡುವಿನ ರೋಧವನ್ನು ಮೆಗ್ಗರಿನಿಂದ ಅಳೆಸಬೇಕು. ಅದು 1 ಮೆಗಾಓಮ್, ಅಂದರೆ ಹತ್ತು ಲಕ್ಷ ಓಮಿಗಿಂತ ಕಡಿಮೆಯಿದ್ದರೆ ಮೋಟಾರನ್ನು ಓಡಿಸಬಾರದು. ಮೋಟಾರನ್ನು ಮೇಲೆತ್ತಿಸುವ ಖರ್ಚಿಗೆ ಮೊದಲು ಈ ಎರಡು ಪರೀಕ್ಷೆಗಳನ್ನು ಮಾಡಿಸಿದರೆ, ದೋಷ ಬಾವಿಯ ಒಳಗಿದೆಯೋ ಮೇಲಿದೆಯೋ ಎಂಬುದು ತಿಳಿಯುತ್ತದೆ.

ರೈತರಿಗೆ ಸಲಹೆ

ಹೊಸ ಮೋಟಾರು ಇಳಿಸಿದ ದಿನ, ಪಂಪು ಚೆನ್ನಾಗಿ ನೀರೆತ್ತುತ್ತಿರುವಾಗ ಮೀಟರಿನಲ್ಲಿ ಕಂಡ ವೋಲ್ಟ್ ಮತ್ತು ಮೂರೂ ಫೇಸುಗಳ ಆಂಪಿಯರನ್ನು ಒಂದು ಕಾಗದದ ಮೇಲೆ ಬರೆದು ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲಿಗೆ ಅಂಟಿಸಿರಿ. ಅದರ ಕೆಳಗೆ ಪಂಪು ಇಳಿಸಿದ ಆಳ, ಕೇಬಲ್ಲಿನ ದಪ್ಪ, ಉದ್ದ ಮತ್ತು ಮಲ್ಟಿಮೀಟರಿನಲ್ಲಿ ಅಳೆದ ರೋಧವನ್ನೂ ಬರೆಯಿರಿ. ವಾರಕ್ಕೊಮ್ಮೆ ಅಂದಿನ ಅಂಕಿಗಳನ್ನು ಇದಕ್ಕೆ ಹೋಲಿಸಿ ನೋಡಿರಿ. ಅದೇ ವೋಲ್ಟೇಜಿನಲ್ಲಿ ಆಂಪಿಯರ್ ಒಂದೊಂದಾಗಿ ಏರುತ್ತಿದ್ದರೆ ಮೋಟಾರು ತನ್ನ ಕಷ್ಟವನ್ನು ಹೇಳಿಕೊಳ್ಳುತ್ತಿದೆ ಎಂದು ತಿಳಿಯಬೇಕು. ಆಗಲೇ ಮೆಕ್ಯಾನಿಕ್ಕನ್ನು ಕರೆಸಿದರೆ ಸಣ್ಣ ರಿಪೇರಿಯಲ್ಲಿ ಮುಗಿಯುತ್ತದೆ. ಮೋಟಾರು ನಿಂತ ಮೇಲೆ ಕರೆಸಿದರೆ ರೀವೈಂಡಿಂಗೇ ಗತಿ, ಬೆಳೆಯೂ ಬಾಡುತ್ತದೆ.